ಕೌಂಟರ್ ಮುಚ್ಚುವ ಮೊದಲು

ನನ್ನ ಮೊದಲ ಏರ್‌ಪೋರ್ಟ್ ಡ್ಯೂಟಿಯಲ್ಲೇ ನಾನು ಗಿರಾಕಿಯನ್ನು ತಪ್ಪು ವಿಮಾನ ನಿಲ್ದಾಣಕ್ಕೆ ಕರೆದುಕೊಂಡು ಹೋಗಿದ್ದೆ. ತಮಿಳುನಾಡಿನ ಹೊಸೂರು ಪಕ್ಕದ ನಮ್ಮ ಮತ್ತಿಗಿರಿಯ ಟ್ರಾವೆಲ್ಸ್‌ಗೆ ಹೊಸದಾಗಿ ಸೇರುವ ಹುಡುಗರು ಇದನ್ನು ಕೇಳಿ ನಗುತ್ತಾರೆ. ನಗಲಿ. ಆದರೆ ನಗುವ ಮೊದಲು ಹೇಗಾಯಿತು ಎಂದು ಪೂರ್ತಿ ತಿಳಿದುಕೊಳ್ಳಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ಟ್ಯಾಕ್ಸಿಗೆ ಬರುವ ಮುಂಚೆ ನಾನು ತಳಿ ಎಂಬ ಊರಿನ ಕಡೆಯ ಗುಲಾಬಿ ತೋಟಗಳಿಂದ ಹೂವಿನ ವ್ಯಾನು ಓಡಿಸುತ್ತಿದ್ದೆ. ಬೆಂಗಳೂರಿನ ಹಳೆಯ ಏರ್‌ಪೋರ್ಟಿಗೆ ವಾರಕ್ಕೆ ನಾಲ್ಕು ಸಲ ಹೂವಿನ ಪೆಟ್ಟಿಗೆ ಇಳಿಸಿ ಬರುತ್ತಿದ್ದವನು. ಏರ್‌ಪೋರ್ಟ್ ದೇವನಹಳ್ಳಿಗೆ ಹೋಯಿತು ಎಂದು ಕೇಳಿದ್ದೆ, ಆದರೆ ಅದು ಕಿವಿಗೆ ಗೊತ್ತಿತ್ತೇ ಹೊರತು ಕೈಗೆ ಗೊತ್ತಿರಲಿಲ್ಲ. ಅವತ್ತಿನ ಗಿರಾಕಿ ಒಂದು ಕಾರ್ಖಾನೆಯ ಇಂಜಿನಿಯರು. ತಮಿಳರು, ಮೆತ್ತನೆಯ ಮನುಷ್ಯ. ರಾತ್ರಿ ಪಾಳಿ ಮುಗಿಸಿ ಬಂದವರು ಅತ್ತಿಬೆಲೆ ದಾಟುವಷ್ಟರಲ್ಲಿ ನಿದ್ದೆ ಹೋದರು. ನನ್ನ ಕೈ ತನ್ನ ಪಾಡಿಗೆ ತಾನು ಹಳೆಯ ದಾರಿ ಹಿಡಿಯಿತು. ಗೇಟಿನ ಹತ್ತಿರ ನಿಲ್ಲಿಸಿದಾಗ ಕಾವಲುಗಾರ ಹತ್ತಿರ ಬಂದು, "ಏನಪ್ಪಾ, ಏರ್‌ಪೋರ್ಟು ದೇವನಹಳ್ಳಿಗೆ ಹೋಗಿ ತಿಂಗಳಾಯ್ತಲ್ಲ. ನಿಂಗೆ ಯಾರೂ ಹೇಳ್ಲಿಲ್ವಾ?" ಎಂದ.

ಹಿಂದೆ ಇಂಜಿನಿಯರು ಎದ್ದು ಕೂತು ಗಡಿಯಾರ ನೋಡಿಕೊಂಡರು. ಅವರು ಬೈಯಲಿಲ್ಲ. "ಪರವಾಯಿಲ್ಲೆಪ್ಪಾ, ಒಂದು ಟೀ ಕುಡಿಯೋಣ" ಎಂದು ತಮಿಳು ಕನ್ನಡ ಬೆರೆಸಿ ಹೇಳಿ, ರಸ್ತೆ ಬದಿಯಲ್ಲಿ ನಿಂತೇ ಆಫೀಸಿಗೆ ಫೋನು ಮಾಡಿ ಮಧ್ಯಾಹ್ನದ ವಿಮಾನಕ್ಕೆ ಟಿಕೆಟ್ ಮಾಡಿಸಿಕೊಂಡರು. ಬೈದಿದ್ದರೆ ಮರೆಯುತ್ತಿದ್ದೆನೇನೋ. ಆ ಟೀಯ ರುಚಿ ಇವತ್ತಿಗೂ ಮರೆತಿಲ್ಲ.

ಬೈಯುವ ಕೆಲಸವನ್ನು ನಮ್ಮ ಯಜಮಾನರು ಗೋವಿಂದಪ್ಪನವರು ಮಾಡಿದರು. ಲಾರಿ ಓಡಿಸಿ ಓಡಿಸಿ ನಾಲ್ಕು ಕಾರು ಮಾಡಿಕೊಂಡವರು ಅವರು. ಸ್ಟ್ಯಾಂಡಿನಲ್ಲಿ ಎಲ್ಲರ ಎದುರಿಗೇ ನಿಲ್ಲಿಸಿಕೊಂಡು ಕೇಳಿದರು:

"ಏನ್ಲಾ ಚಿನ್ನಪ್ಪ, ದಾರಿ ಗೊತ್ತಿತ್ತಾ ನಿಂಗೆ?"

"ಗೊತ್ತೈತೆ ಅಂದ್ಕೊಂಡಿದ್ದೆ ಅಣ್ಣ."

"ಅಂದ್ಕೊಂಡ್ರೆ ಆಯ್ತಾ? ಗೊತ್ತಿಲ್ದಿದ್ರೆ ಕೇಳ್ಬೇಕು ಕಣ್ಲಾ. ಕೇಳಾಕೆ ನಾಚ್ಕೆ ಆದ್ರೆ ಸ್ಟೇರಿಂಗ್ ಬುಟ್ಟು ನೇಗ್ಲು ಹಿಡಿ. ಎತ್ತಿಗೆ ದಾರಿ ಗೊತ್ತಿರ್ತದೆ."

ಅದಾದ ಮೇಲೆ ಒಂದು ವಾರ ನನಗೆ ಗಾಡಿ ಕೊಡಲಿಲ್ಲ. ದಿನಾ ಬೆಳಗ್ಗೆ ಬೇರೆ ಡ್ರೈವರ್ ಪಕ್ಕ ಕೂರಿಸಿ ಕಳಿಸಿದರು. ಚಂದಾಪುರಕ್ಕೆ ಎಷ್ಟು ಗಂಟೆಗೆ ಬಂದೆವು, ಸಿಲ್ಕ್ ಬೋರ್ಡ್ ದಾಟಲು ಎಷ್ಟು ಹೊತ್ತಾಯಿತು, ಹೆಬ್ಬಾಳದಲ್ಲಿ ಯಾವ ಪಕ್ಕ ಬೇಗ ಸರಿಯುತ್ತದೆ, ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬರಬೇಕಿತ್ತು. ಸೋಮವಾರದ ರಸ್ತೆ ಬೇರೆ, ಬುಧವಾರದ ರಸ್ತೆ ಬೇರೆ ಎಂದು ನನಗೆ ಗೊತ್ತಾದದ್ದು ಆ ವಾರದಲ್ಲಿ. ಇನ್ನೊಂದು ಮಾತನ್ನೂ ಗೋವಿಂದಪ್ಪನವರು ಹೇಳಿಕೊಟ್ಟರು. ವಿಮಾನ ಎಷ್ಟಕ್ಕೆ ಹಾರುತ್ತದೆ ಎಂದು ಗಿರಾಕಿಯನ್ನು ಕೇಳಬೇಡ, ಬ್ಯಾಗು ತೆಗೆದುಕೊಳ್ಳುವ ಕೌಂಟರ್ ಎಷ್ಟಕ್ಕೆ ಮುಚ್ಚುತ್ತದೆ ಎಂದು ಕೇಳು. ನಮ್ಮ ಡ್ಯೂಟಿ ಆ ಹೊತ್ತಿಗೆ ಮುಟ್ಟಿಸುವುದು.

ಆ ಪಾಠ ಕಲಿತ ಮೇಲೆ ನಾನು ಇನ್ನೊಂದು ತಪ್ಪಿಗೆ ಬಿದ್ದೆ, ಅದು ವೇಗದ ತಪ್ಪು. ಜಾಮಿನಲ್ಲಿ ಕಳೆದ ಹೊತ್ತನ್ನು ಹೆಬ್ಬಾಳದ ಆಚೆಯ ಖಾಲಿ ರಸ್ತೆಯಲ್ಲಿ ವಸೂಲು ಮಾಡುವ ಚಟ. ಒಂದು ದಿನ ಬಾಗಲೂರಿನ ನಿವೃತ್ತ ಮೇಷ್ಟರೊಬ್ಬರನ್ನು ಕೂರಿಸಿಕೊಂಡು ಹಾಗೇ ಓಡಿಸುತ್ತಿದ್ದೆ. ಅವರು ಮುಂದಿನ ಸೀಟಿಗೆ ಬಾಗಿ ನನ್ನ ಭುಜದ ಮೇಲೆ ಕೈಯಿಟ್ಟು ತೆಲುಗಿನಲ್ಲಿ, "ನಾಯನಾ, ವಿಮಾನಂ ಪೋತೇ ಇಂಕೋಟಿ ವಸ್ತುಂದಿ" ಎಂದರು. ವಿಮಾನ ಹೋದರೆ ಇನ್ನೊಂದು ಬರುತ್ತದೆ ಮಗಾ ಎಂದು. ಮಾತು ಅಷ್ಟೇ, ಆದರೆ ಕೈ ಮಾತ್ರ ಭುಜದ ಮೇಲಿಂದ ತೆಗೆಯಲಿಲ್ಲ. ನಾನು ವೇಗ ಇಳಿಸಿದೆ. ಅಂದಿನಿಂದ ನಾನು ಹೊತ್ತನ್ನು ಹೊರಡುವಾಗಲೇ ಉಳಿಸುತ್ತೇನೆ, ದಾರಿಯಲ್ಲಿ ಉಳಿಸುವುದಿಲ್ಲ.

ಆಗೆಲ್ಲ ರಸ್ತೆಯ ಸುದ್ದಿ ಹೇಳಲು ಮನುಷ್ಯರೇ ಬೇಕಿತ್ತು. ಮಾರ್ಕೆಟ್ಟಿಗೆ ಹೂವು ಇಳಿಸಿ ಹಿಂತಿರುಗುವ ವ್ಯಾನಿನವರು ಎದುರಿಗೆ ಸಿಕ್ಕಾಗ ಕೈ ಸನ್ನೆ ಮಾಡುತ್ತಿದ್ದರು. ಮುಷ್ಟಿ ಕಟ್ಟಿ ತೋರಿಸಿದರೆ ಮುಂದೆ ಕಟ್ಟಿಕೊಂಡಿದೆ ಎಂದು ಅರ್ಥ. ಬೊಮ್ಮಸಂದ್ರದಲ್ಲಿ ಪಂಕ್ಚರ್ ಅಂಗಡಿಯ ಸಲೀಂ ಭಾಯ್ ನನಗೆ ಕಣ್ಣಿದ್ದ ಹಾಗೆ. ಫೋನು ಮಾಡಿದರೆ ಬಾಗಿಲಿಗೆ ಬಂದು ರಸ್ತೆ ನೋಡಿ ಹೇಳುತ್ತಿದ್ದರು. ಆಮೇಲೆ ಫೋನಿನಲ್ಲಿ ಮ್ಯಾಪು ಬಂತು. ನಮ್ಮ ತಮಿಳುನಾಡು ಗಾಡಿಗೆ ಕರ್ನಾಟಕದ ಪರ್ಮಿಟ್ ತೆಗೆಯಲು ಗಡಿಯ ಅತ್ತಿಬೆಲೆಯಲ್ಲಿ ಸಾಲು ನಿಲ್ಲುವುದೂ ತಪ್ಪಿ, ಅದೂ ಫೋನಿಗೇ ಬಂತು. ಒಳ್ಳೆಯದೇ ಆಯಿತು. ಆದರೆ ಮ್ಯಾಪಿಗೆ ರಸ್ತೆ ಗೊತ್ತು, ರಸ್ತೆಯಲ್ಲಿ ಏನು ನಡೆಯುತ್ತಿದೆ ಎಂದು ಎಲ್ಲ ಸಲವೂ ಗೊತ್ತಿರುವುದಿಲ್ಲ. ಸರ್ಜಾಪುರದ ಹತ್ತಿರ ಒಂದು ಸಲ ಅದು ಹೇಳಿದ ಓಣಿಗೆ ನುಗ್ಗಿದರೆ ಓಣಿಗೆ ಅಡ್ಡವಾಗಿ ಮದುವೆ ಚಪ್ಪರ! ಹಿಂದೆ ಹತ್ತು ಗಾಡಿ ನಿಂತು ಹಿಮ್ಮೆಟ್ಟುವ ಹಾಗೂ ಇಲ್ಲ. ನಾನು ಇಳಿದು ಕೈ ಮುಗಿದೆ. ಮದುವೆ ಹುಡುಗಿಯ ಸೋದರಮಾವ ಒಬ್ಬರು ಬಂದು, ತಾವೇ ಒಂದು ಗಳ ಬಿಚ್ಚಿ, ಚಪ್ಪರದ ಬಟ್ಟೆಯನ್ನು ಎತ್ತಿ ಹಿಡಿದು, ನನ್ನ ಗಾಡಿಯನ್ನು ಮದುವೆ ಮನೆಯ ಒಳಗಿನಿಂದಲೇ ದಾಟಿಸಿದರು. ಕಿಟಕಿಯಲ್ಲಿ ಯಾರೋ ಗಿರಾಕಿಯ ಕೈಗೆ ಕೇಸರಿಬಾತಿನ ದೊನ್ನೆ ಇಟ್ಟರು. ಅವತ್ತು ವಿಮಾನವೂ ಸಿಕ್ಕಿತು.

ಇಂಥವು ಬೇಕಾದಷ್ಟಿವೆ. ಆದರೆ ಇದನ್ನೆಲ್ಲ ಬರೆಯಲು ಕೂತದ್ದು ಮುನಿರತ್ನಮ್ಮನ ಡ್ಯೂಟಿಗಾಗಿ. ನಾನು ಕೆಲಸ ಬಿಡುವ ಸ್ವಲ್ಪ ದಿನ ಮೊದಲು ನಡೆದದ್ದು.

ಮುನಿರತ್ನಮ್ಮ ಜವಳಗಿರಿಯವಳು. ಗಂಡ ಕೃಷ್ಣಪ್ಪ ಬೀನ್ಸು, ಕೋಸು ಬೆಳೆಯುತ್ತಾನೆ. ಈಕೆ ಮದುವೆಯಾದಾಗಿನಿಂದ ಗುಲಾಬಿ ತೋಟದ ಪಾಲಿಹೌಸಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಗುಲಾಬಿ ಗಿಡಕ್ಕೆ ಇನ್ನೊಂದು ಗಿಡದ ಕಣ್ಣು, ಅಂದರೆ ಚಿಗುರುವ ಮೊಗ್ಗು, ಕೂರಿಸಿ ಕಸಿ ಮಾಡುವುದರಲ್ಲಿ ಆಕೆಯ ಕೈಗೆ ಸಮನಾದ ಕೈ ಈ ಸೀಮೆಯಲ್ಲಿಲ್ಲ ಎನ್ನುತ್ತಿದ್ದರು. ತೋಟದ ಸಾಹುಕಾರರ ಪರಿಚಯದವರೊಬ್ಬರು ಆಫ್ರಿಕಾದ ಕೀನ್ಯಾದಲ್ಲಿ ದೊಡ್ಡ ಹೂದೋಟ ಮಾಡಿದ್ದರು. ಅಲ್ಲಿನ ಹೆಂಗಸರಿಗೆ ಕಸಿ ಹೇಳಿಕೊಡಲು ಮೂರು ತಿಂಗಳಿಗೆ ಈಕೆಯನ್ನು ಕರೆಸಿಕೊಂಡರು. ಏಳನೆಯ ತರಗತಿ ಓದಿದ, ಬೆಂಗಳೂರನ್ನೇ ಮೂರೇ ಸಲ ನೋಡಿದ ಹೆಂಗಸು. ಅತ್ತೆ "ಹೋಗ್ಬಾ" ಅಂದರಂತೆ. ಗಂಡ ಹೂಂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ, ಎಂಟು ದಿನದಿಂದ ಮಾತೇ ಬಿಟ್ಟಿದ್ದ.

ವಿಮಾನ ಹನ್ನೊಂದೂವರೆಗೆ. ಮುಂಬೈಗೆ ಹೋಗಿ ಅಲ್ಲಿಂದ ಆಚೆಗೆ. ಕೌಂಟರ್ ಮುಚ್ಚುವುದು ಹತ್ತೂವರೆಗೆ. ನಾನು ಐದೂಕಾಲಕ್ಕೆ ಅವರ ಮನೆ ಮುಂದೆ ಗಾಡಿ ನಿಲ್ಲಿಸಿದೆ. ಅತ್ತೆ ಒಂದು ಚೀಲ ರಾಗಿ ಹಿಟ್ಟು, ಹುಚ್ಚೆಳ್ಳು ಪುಡಿ ಎಲ್ಲ ದೊಡ್ಡ ಬ್ಯಾಗಿಗೆ ತುರುಕುತ್ತಿದ್ದರು. ಕೃಷ್ಣಪ್ಪ ಇರಲಿಲ್ಲ. ಬೀನ್ಸು ತುಂಬಿದ ಟೆಂಪೊ ಹತ್ತಿ ಹೊಸೂರು ಮಾರ್ಕೆಟ್ಟಿಗೆ ಆಗಲೇ ಹೋಗಿದ್ದ.

"ಇವತ್ತೇ ಹೋಗ್ಬೇಕಿತ್ತಾ ಮಾರ್ಕೆಟ್ಗೆ?" ಎಂದೆ.

"ನಾನ್ ಗಾಡಿ ಹತ್ತೋದ್ನ ನೋಡ್ಬಾರ್ದು ಅಂತ ಹೋಗ್ಬುಟ್ಟ ಅಣ್ಣ" ಎಂದು ಮುನಿರತ್ನಮ್ಮ ಹಿಂದಿನ ಸೀಟಿನಲ್ಲಿ ಕೂತಳು. ಅಳಲಿಲ್ಲ. ಸೆರಗಿನಿಂದ ಕಿಟಕಿ ಒರೆಸಿದಳು, ಅಷ್ಟೇ.

ಊರು ಬಿಟ್ಟು ಕಾಡಿನ ತಿರುವಿಗೆ ಬಂದರೆ ಅರಣ್ಯದ ಕಾವಲುಗಾರ ಕೈ ಅಡ್ಡ ಹಿಡಿದ. ರಾಗಿ ಹೊಲಕ್ಕೆ ಇಳಿದಿದ್ದ ಆನೆ ಗುಂಪು ಕಾಡಿಗೆ ವಾಪಸ್ಸು ಹೋಗುತ್ತಿದೆ, ಜೊತೆಯಲ್ಲಿ ಮರಿಗಳಿವೆ, ರಸ್ತೆ ದಾಟುವ ತನಕ ಒಂದು ಗಾಡಿಯೂ ಅಲ್ಲಾಡುವಂತಿಲ್ಲ ಎಂದ. ನಮ್ಮ ಮುಂದೆ ಒಂದು ಹಾಲಿನ ಗಾಡಿ. ಅದರ ಮುಂದೆ ಬೀನ್ಸಿನ ಟೆಂಪೊ.

ಕೃಷ್ಣಪ್ಪ ಇಳಿದು ಬಂದ. ಕಾರಿನ ಹತ್ತಿರ ಬಂದವನು ಬಾನೆಟ್ಟಿಗೆ ಒರಗಿ ನಿಂತ. ನಾನು ಟೈರು ನೋಡುವ ನೆಪ ಮಾಡಿ ಸ್ವಲ್ಪ ದೂರ ಹೋದೆ. ಆದರೂ ಮಾತು ಕೇಳಿಸುತ್ತಿತ್ತು.

"ಅಲ್ಲಿ ಊಟಕ್ಕೆ ಏನ್ ಕೊಡ್ತಾರಂತೆ?" ಎಂದ, ಎಂಟು ದಿನದ ಮೇಲೆ.

"ಗೊತ್ತಿಲ್ಲ. ಹಿಟ್ಟು ತಗೊಂಡಿವ್ನಿ."

"ಚಳಿ ಐತಂತಾ?"

"ನಮ್ಮ ತಳಿ ತರಾನೇ ಅಂತೆ."

ಆಮೇಲೆ ಅವನು, "ನಂಗೆ ಹೊಟ್ಟೆಕಿಚ್ಚು ಅಂದ್ಕೋಬ್ಯಾಡ. ನೀನ್ ಅಲ್ಲಿ ಕಾಯ್ಲೆ ಬಿದ್ರೆ ನಾನ್ ಎಂಗ್ ಬರ್ಲಿ? ಬಸ್ಸು ಹೋಗ್ತದಾ ಅಲ್ಲಿಗೆ?" ಎಂದ. ಎಂಟು ದಿನ ಅವನ ಬಾಯಿ ಕಟ್ಟಿದ್ದು ಅದು. ಮುನಿರತ್ನಮ್ಮ ಬಾಗಿಲು ತೆಗೆದು ಇಳಿದು ಅವನ ಪಕ್ಕ ನಿಂತಳು. ಆನೆಗಳು ಒಂದೊಂದಾಗಿ ರಸ್ತೆ ದಾಟಿ ಮುಗಿಸುವ ಹೊತ್ತಿಗೆ ಆರು ಗಂಟೆ ಹತ್ತು ನಿಮಿಷವಾಗಿತ್ತು. ನನ್ನ ಲೆಕ್ಕದ ಪ್ರಕಾರ ಮುಕ್ಕಾಲು ಗಂಟೆ ಹಾಳು. ಆದರೆ ಗಾಡಿ ಹೊರಟಾಗ ಕೃಷ್ಣಪ್ಪ ಟೆಂಪೊವನ್ನು ಪಕ್ಕಕ್ಕೆ ಹಾಕಿಸಿ, ಹತ್ತದೆ, ನಾವು ತಿರುವು ದಾಟುವ ತನಕ ಕೈಯೆತ್ತಿ ನಿಂತಿದ್ದ. ಅದನ್ನು ಹಾಳು ಎನ್ನಲು ನನಗೆ ಮನಸ್ಸು ಬರಲಿಲ್ಲ.

ಹೊಸೂರು ಏಳಕ್ಕೆ, ಅತ್ತಿಬೆಲೆ ಏಳೂಕಾಲಕ್ಕೆ. ಪರವಾಗಿಲ್ಲ ಅಂದುಕೊಂಡೆ. ಅತ್ತಿಬೆಲೆ ದಾಟಿ ಸ್ವಲ್ಪ ದೂರಕ್ಕೆ ಮುಂದಿನ ಗಾಡಿಗಳ ಕೆಂಪು ದೀಪ ಒಂದರ ಹಿಂದೆ ಒಂದು ಹತ್ತಿದವು. ಕಂಪನಿ ಬಸ್ಸು, ಸ್ಕೂಲು ಬಸ್ಸು, ಲಾರಿ, ಸ್ಕೂಟರು, ಎಲ್ಲ ತೆವಳುತ್ತಿದ್ದವು. ಚಂದಾಪುರಕ್ಕೆ ಬಂದಾಗ ಎಂಟಾಗುತ್ತಿತ್ತು. ಸಲೀಂ ಭಾಯ್‌ಗೆ ಫೋನು ಮಾಡಿದೆ.

"ಚಿನ್ನಪ್ಪಣ್ಣ, ನಮ್ಮಂಗ್ಡಿ ದಾಟ್ಬೇಡಿ!" ಅಂದರು. "ಮುಂದೆ ಫ್ಲೈಓವರ್ ಹತ್ರ ಕಂಟೇನರ್ ಮಗ್ಚಿಕೊಂಡಿದೆ. ಎಲ್ಲಾ ಬಂದ್. ಒಳಗಡೆ ರೋಡೂ ಫುಲ್ಲು."

ಮ್ಯಾಪು ನೋಡಿದೆ. ನಮ್ಮ ರಸ್ತೆಯ ಉದ್ದಕ್ಕೂ ಕಡುಕೆಂಪು. ತಲುಪುವ ಹೊತ್ತು ಹನ್ನೊಂದೂ ಹತ್ತು ಎಂದು ತೋರಿಸುತ್ತಿತ್ತು. ಕನ್ನಡಿಯಲ್ಲಿ ನೋಡಿದರೆ ಮುನಿರತ್ನಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು.

"ಆಗಲ್ವಾ ಅಣ್ಣ?"

ಇಷ್ಟು ವರ್ಷದಲ್ಲಿ ಗಿರಾಕಿಗೆ ಆಗುವುದಿಲ್ಲ ಎಂದವನಲ್ಲ ನಾನು. ಫೋನಿನಲ್ಲಿ ಸಲೀಂ ಭಾಯ್ ಇನ್ನೂ ಇದ್ದರು. "ಅಣ್ಣಾ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಗಾಡಿ ನನ್ನ ಅಂಗ್ಡಿ ಹತ್ರ ಹಾಕಿ. ಮೆಟ್ರೊ ಹತ್ತಿ ಹೋಗಿ" ಎಂದರು.

ಬೇಜಾರೇ ಆಯಿತು. ಡ್ರೈವರು ಗಾಡಿ ಬಿಟ್ಟು ರೈಲು ಹತ್ತುವುದು! ಬೊಮ್ಮಸಂದ್ರದಿಂದ ರೈಲು ಶುರುವಾದ ಮೇಲೆ ಅದರ ಕಂಬಗಳ ಕೆಳಗೇ ದಿನಾ ಓಡಾಡುತ್ತಿದ್ದೆ, ಒಂದು ದಿನವೂ ತಲೆಯೆತ್ತಿ ನೋಡಿರಲಿಲ್ಲ. ಆದರೆ ಹತ್ತೂವರೆ ಎಂಬುದು ನನ್ನ ಬೇಜಾರಿಗೆ ಕಾಯುವುದಿಲ್ಲವಲ್ಲ. ಗಾಡಿಯನ್ನು ಅಂಗಡಿ ಪಕ್ಕ ನಿಲ್ಲಿಸಿದೆ. ಸಲೀಂ ಭಾಯ್ ಒಂದು ಬ್ಯಾಗು ಎತ್ತಿಕೊಂಡರು, ರಾಗಿ ಹಿಟ್ಟಿನ ಬ್ಯಾಗನ್ನು ನಾನು.

ಮೆಟ್ರೊ ಸ್ಟೇಷನ್ನಿನ ತಪಾಸಣೆಯಲ್ಲಿ ಬ್ಯಾಗು ನಿಂತಿತು. ಒಳಗೆ ಗುಲಾಬಿ ಕತ್ತರಿಸುವ ಕತ್ತರಿ. ಹದಿನೈದು ವರ್ಷ ಬಳಸಿ ಹಿಡಿ ಸವೆದ ಕತ್ತರಿ.

"ಇದನ್ನ ಒಳಗೆ ಬಿಡಕ್ಕಾಗಲ್ಲಮ್ಮ" ಎಂದಳು ಅಲ್ಲಿದ್ದ ಪೊಲೀಸ್ ಹುಡುಗಿ.

ನಾನು ಬೇಡಿಕೊಳ್ಳಲು ಬಾಯಿ ತೆರೆಯುವಷ್ಟರಲ್ಲಿ ಮುನಿರತ್ನಮ್ಮ ಕತ್ತರಿಯನ್ನು ತೆಗೆದು ಸಲೀಂ ಭಾಯ್ ಕೈಗೆ ಕೊಟ್ಟಳು. "ಮನೆಗೆ ಕಳಿಸ್ಬುಡಿ ಭಾಯ್. ಕತ್ರಿ ಅಲ್ಲೂ ಸಿಗ್ತದೆ. ಕೈ ನನ್ ಜೊತೆನೇ ಬತ್ತಾ ಐತಲ್ಲ."

ರೈಲು ಹೊರಟಿತು. ಕಿಟಕಿಯಿಂದ ಕೆಳಗೆ ನೋಡಿದೆ. ನನ್ನ ರಸ್ತೆ! ಅಷ್ಟು ವರ್ಷ ಒಳಗೆ ಕೂತು ನೋಡಿದ್ದನ್ನು ಮೊದಲ ಸಲ ಮೇಲಿನಿಂದ ನೋಡುತ್ತಿದ್ದೆ. ಸಾವಿರಾರು ಗಾಡಿ, ಒಂದೂ ಅಲುಗುತ್ತಿರಲಿಲ್ಲ. ಮಗುಚಿದ ಕಂಟೇನರ್ ಆಟದ ಸಾಮಾನಿನ ಹಾಗೆ ಅಡ್ಡ ಬಿದ್ದಿತ್ತು.

"ದಿನಾ ಇದ್ರೊಳ್ಗೇ ಓಡುಸ್ತೀರಾ ಅಣ್ಣ?" ಎಂದಳು.

"ಹೂಂ ಕಣಮ್ಮ."

"ಎಂಗ್ ಓಡುಸ್ತೀರೋ!" ಎಂದಳು. ಯಾರೂ ನನಗೆ ಹಾಗೆ ಹೇಳಿರಲಿಲ್ಲ. ಗಿರಾಕಿಗಳು ಯಾಕೆ ಲೇಟು ಎಂದು ಕೇಳುತ್ತಾರೆ, ಹೇಗೆ ಬಂದಿರಿ ಎಂದು ಕೇಳುವುದಿಲ್ಲ.

ಮುಂದೆ ರಾಗಿಗುಡ್ಡ ಎಂಬ ಸ್ಟೇಷನ್ನಿನ ಹೆಸರು ಕೂಗಿದಾಗ ಆಕೆಗೆ ನಗು ತಡೆಯಲಿಲ್ಲ. "ನಮ್ ಅತ್ತೆ ಕೊಟ್ಟಿರೋ ಹಿಟ್ನ ಇಲ್ಲೇ ಇಳಿಸ್ಬುಡನಾ ಅಣ್ಣ?" ಎಂದು ಬಾಯಿಗೆ ಸೆರಗು ಹಿಡಿದು ನಕ್ಕಳು. ಎದುರಿಗಿದ್ದವರೂ ನಕ್ಕರು. ನನಗೆ ಎದೆಯ ಭಾರ ಅರ್ಧ ಇಳಿಯಿತು.

ಇನ್ನೊಂದು ರೈಲಿಗೆ ಬದಲಾಯಿಸಿ ಯಶವಂತಪುರದಲ್ಲಿ ಇಳಿದಾಗ ಒಂಬತ್ತೂಕಾಲು ದಾಟಿತ್ತು. ಹೊರಗೆ ಬಂದು ಟ್ಯಾಕ್ಸಿ ಹಿಡಿದೆ. ಡ್ರೈವರು ಬಾಗೇಪಲ್ಲಿ ಕಡೆಯವನು. ಏರ್‌ಪೋರ್ಟ್ ರಸ್ತೆಯಲ್ಲಿ ನಾನು ಹಿಂದಿನ ಸೀಟಿನಲ್ಲಿ ಕೂತದ್ದು ಅದೇ ಮೊದಲು. ಅವನು ಬ್ರೇಕು ಹಾಕಬೇಕಾದ ಕಡೆಯೆಲ್ಲ ನನ್ನ ಕಾಲು ನೆಲ ಒತ್ತುತ್ತಿತ್ತು. ಹೆಬ್ಬಾಳದಲ್ಲಿ ಗಾಡಿ ನಿಂತಾಗ ತಡೆಯಲಾರದೆ, ಯಾವ ಮಾತು ಗಿರಾಕಿಗಳ ಬಾಯಲ್ಲಿ ಬಂದರೆ ನನಗೆ ಮೈ ಉರಿಯುತ್ತಿತ್ತೋ ಅದೇ ಮಾತನ್ನು ಆಡಿದೆ: "ಸ್ವಲ್ಪ ಬೇಗ ಹೋಗಪ್ಪ."

"ಯಜಮಾನ್ರೆ, ಮುಂದ್ಗಡೆ ಗಾಡಿ ಕಾಣ್ತಾ ಇದ್ಯಲ್ಲ, ಅದ್ರ ಮೇಲೆ ಹತ್ತಿಸ್ಲಾ?" ಎಂದ ಅವನು.

ಮುನಿರತ್ನಮ್ಮ, "ಅವ್ರೂ ಡ್ರೈವರ್ರೇ ಕಣಪ್ಪ, ಏನೂ ಅಂದ್ಕೋಬ್ಯಾಡ" ಎಂದಳು. ಅವನು ಕನ್ನಡಿಯಲ್ಲಿ ನನ್ನನ್ನು ನೋಡಿ ನಕ್ಕ. ನನಗೆ ನಾಚಿಕೆಯಾಯಿತು. ಗಿರಾಕಿಯ ಸೀಟಿನಲ್ಲಿ ಕೂತವನಿಗೆ ಹೇಗಾಗುತ್ತಿರುತ್ತದೆ ಎಂದು ತಿಳಿಯಲು ನನಗೆ ಅಷ್ಟು ವರ್ಷ ಬೇಕಾಯಿತು. ಹುಡುಗರೇ, ನಿಮಗೆ ಅಷ್ಟು ಬೇಡ. ಒಂದು ದಿನ ಹಿಂದೆ ಕೂತು ಹೋಗಿ ಬನ್ನಿ, ಸಾಕು.

ಏರ್‌ಪೋರ್ಟ್ ಬಾಗಿಲಿಗೆ ಬಂದಾಗ ಹತ್ತೂ ಹನ್ನೆರಡು. ಬ್ಯಾಗುಗಳನ್ನು ತಳ್ಳುಗಾಡಿಗೆ ಹಾಕಿಕೊಟ್ಟೆ. ಮುನಿರತ್ನಮ್ಮ ಕೇಳಿದಳು: "ಒಳಗೆ ಹೋಗಿ ಏನ್ ಮಾಡ್ಬೇಕಣ್ಣ?"

ಎಷ್ಟು ಸಾವಿರ ಸಲ ಆ ಬಾಗಿಲಿಗೆ ಬಂದಿದ್ದೇನೆ, ಒಂದು ಸಲವೂ ಒಳಗೆ ಹೋದವನಲ್ಲ. "ನಂಗೂ ಗೊತ್ತಿಲ್ಲ ತಾಯಿ" ಎಂದೆ.

ಆಕೆ ನನ್ನನ್ನೊಮ್ಮೆ ನೋಡಿದಳು. "ಸರಿ ಬುಡಿ, ಕೇಳ್ಕೊಂಡ್ ಹೋಯ್ತೀನಿ" ಎಂದು ಗಾಡಿ ತಳ್ಳಿಕೊಂಡು ಹೊರಟಳು. ಬಾಗಿಲಲ್ಲಿ ಟಿಕೆಟ್ಟು, ಪಾಸ್‌ಪೋರ್ಟು ತೋರಿಸಿ, ಒಳಗೆ ಕಾಲಿಟ್ಟವಳೇ ಸಮವಸ್ತ್ರದ ಹುಡುಗಿಯೊಬ್ಬಳ ತೋಳು ಹಿಡಿದು ನಿಲ್ಲಿಸಿದ್ದು ಗಾಜಿನ ಆಚೆ ಕಂಡಿತು. ಆಮೇಲೆ ಜನದಲ್ಲಿ ಕಾಣದಾದಳು.

ಹತ್ತೂವರೆಯಾಯಿತು. ಹತ್ತೂ ಮುಕ್ಕಾಲಾಯಿತು. ನಾನು ಕಂಬಕ್ಕೆ ಒರಗಿ ಫೋನು ಹಿಡಿದು ನಿಂತಿದ್ದೆ. ಕೃಷ್ಣಪ್ಪ ಮಾರ್ಕೆಟ್ಟಿನಿಂದ ಎರಡು ಸಲ ಫೋನು ಮಾಡಿದ. ಏನು ಹೇಳಲಿ ಎಂದು ತಿಳಿಯದೆ ಎತ್ತಲಿಲ್ಲ. ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಆಕೆಯದೇ ಫೋನು ಬಂತು.

"ಬ್ಯಾಗ್ ಹೋಯ್ತು ಅಣ್ಣ! ಹಿಟ್ಟೂ ಹೋಯ್ತು. ಕೈಯಾಗೆ ಚೀಟಿ ಕೊಟ್ಟವ್ರೆ. ಅವ್ನಿಗೆ ಹೇಳ್ಬುಡಿ."

ಕೃಷ್ಣಪ್ಪನಿಗೆ ಹೇಳಿದೆ. ಆಚೆ ಕಡೆ ಬೀನ್ಸು ಹರಾಜು ಕೂಗುವ ಸದ್ದಿನ ನಡುವೆ ಅವನು, "ಹಿಟ್ಟೂ ಹೋಯ್ತಾ?" ಎಂದು ಎರಡು ಸಲ ಕೇಳಿದ.

ಸಂಜೆ ಗಾಡಿ ತೆಗೆದುಕೊಂಡು ಸ್ಟ್ಯಾಂಡಿಗೆ ಬಂದು ಗೋವಿಂದಪ್ಪನವರಿಗೆ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. "ಗಿರಾಕಿ ಹತ್ತಿದ್ಲಾ?" ಎಂದರು. ಹತ್ತಿದಳು ಎಂದೆ. "ಮತ್ತಿನ್ನೇನ್ಲಾ? ಹೋಗಿ ಉಂಡು ಮಲಿಕ್ಕೋ" ಎಂದರು. ಕೆಲಸದಲ್ಲಿ ಅವರಿಂದ ನನಗೆ ಸಿಕ್ಕ ದೊಡ್ಡ ಹೊಗಳಿಕೆ ಅದೇ.

ಮೂರು ತಿಂಗಳ ಮೇಲೆ, ನಾನು ಕೆಲಸ ಬಿಟ್ಟು ಮನೆಯಲ್ಲಿದ್ದಾಗ, ಕೃಷ್ಣಪ್ಪ ಬಂದು, "ನಾಳೆ ಬತ್ತಾವ್ಳೆ, ನೀವೂ ಬನ್ನಿ ಅಣ್ಣ" ಎಂದ. ನಿಮ್ಮ ಜೊತೆಗಾರ ಮಂಜನೇ ಗಾಡಿ ಓಡಿಸಿದ. ಮುನಿರತ್ನಮ್ಮ ಹೊರಗೆ ಬಂದಾಗ ಕೃಷ್ಣಪ್ಪ ಬ್ಯಾಗು ಈಸಿಕೊಂಡು, ಹೇಳಬೇಕೆಂದುಕೊಂಡಿದ್ದನ್ನೆಲ್ಲ ಮರೆತು, "ಊಟ ಸರಿಯಾಗಿತ್ತಾ?" ಎಂದ.

"ಅಲ್ಲೂ ಮುದ್ದೆನೇ ಉಣ್ತಾರೆ! ಮುಸ್ಕಿನ್ ಜೋಳದ್ದು. ಉಗಾಲಿ ಅಂತಾರೆ" ಎಂದಳು. ದಾರಿಯುದ್ದಕ್ಕೂ ಮಾತು ನಿಲ್ಲಲಿಲ್ಲ. ಅಲ್ಲಿ ಆಕೆ ಹೇಳಿಕೊಟ್ಟ ಹೆಂಗಸರು ಕೂರಿಸಿದ ಕಣ್ಣುಗಳು ಚಿಗುರಿದವಂತೆ. ಮುಂದಿನ ವರ್ಷ ಮತ್ತೆ ಕರೆದಿದ್ದಾರಂತೆ, ಈ ಸಲ ಜೊತೆಗೆ ಇನ್ನಿಬ್ಬರನ್ನು ಕರೆತರಲು ಹೇಳಿದ್ದಾರಂತೆ. ಆ ಇಬ್ಬರು ಯಾರು ಎಂದು ಜವಳಗಿರಿ ಮುಟ್ಟುವ ಹೊತ್ತಿಗೆ ಗಂಡ ಹೆಂಡತಿ ಸೇರಿ ತೀರ್ಮಾನವನ್ನೂ ಮಾಡಿಬಿಟ್ಟರು.

ಆ ಡ್ಯೂಟಿ ನಿಮ್ಮಲ್ಲಿ ಒಬ್ಬರಿಗೆ ಬರುತ್ತದೆ. ಮೂವರು ಹೆಂಗಸರು, ಆರು ಬ್ಯಾಗು, ದೊಡ್ಡ ಗಾಡಿ ತೆಗೆದುಕೊಂಡು ಹೋಗಿ. ಐದೂಕಾಲಕ್ಕಲ್ಲ, ನಾಲ್ಕೂವರೆಗೇ ಊರು ಬಿಡಿ. ಒಳಗೆ ಹೋಗಿ ಏನು ಮಾಡಬೇಕು ಎಂದು ಯಾರೂ ನಿಮ್ಮನ್ನು ಕೇಳುವುದಿಲ್ಲ, ಮುನಿರತ್ನಮ್ಮನೇ ಉಳಿದ ಇಬ್ಬರಿಗೂ ಹೇಳಿಕೊಡುತ್ತಿರುತ್ತಾಳೆ. ರೇಡಿಯೊ ಮಾತ್ರ ಹಾಕಬೇಡಿ. ಹಿಂದಿನ ಸೀಟಿನ ಮಾತು ಕೇಳಿಸಿಕೊಂಡು ಓಡಿಸಿ.